ಚಳಿಗಾಲಕ್ಕೆ ಮುಂಚೆ ಹಿತ್ತಲ ಕೋಳಿಗಳ ಆರೈಕೆ

ಸ್ವಾತಿಯ ಮಳೆ ಮುಗಿದು, ಶೇಂಗಾ ಕಿತ್ತು, ಬಣವೆಗಳು ಮೇಲೆದ್ದ ಬಳಿಕ ಗದಗ ಬೆಟಗೇರಿಯ ಸುತ್ತಲಿನ ಊರುಗಳಲ್ಲಿ ಬೆಳಗಿನ ಗಾಳಿಯು ಮೈಗೆ ತಾಗಲಾರಂಭಿಸುವದು. ಆಗ ನಾವು ಕಂಬಳಿಯನ್ನು ಹುಡುಕುವಂತೆಯೇ ಕೋಳಿ ಸಾಕಿದವರು ಹರಕು ಗೋಣಿಗಳನ್ನು ಹುಡುಕಿ ಗೂಡಿನ ಕಿಂಡಿಗಳಿಗೆಲ್ಲಾ ತುರುಕುವರು. ಈ ಪಾಠವನ್ನು ಬರೆಯುವದಕ್ಕೆ ಆ ಗೋಣಿಯೇ ಕಾರಣವು.

ಶಿರಹಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿ ವಿಧವೆಯಾದ ಒಬ್ಬ ಮುದುಕಿಯು ಹನ್ನೊಂದು ಕೋಳಿಗಳನ್ನು ಸಾಕಿದ್ದಳು. ತತ್ತಿ ಮಾರಿ ಬಂದ ದುಡ್ಡಿನಿಂದಲೇ ಆಕೆಯ ಮನೆಗೆ ಉಪ್ಪು, ಎಣ್ಣೆ, ಮೊಮ್ಮಗನಿಗೆ ಬರೆಯುವ ಪುಸ್ತಕ. ಮಾಗಿಯ ಚಳಿಯಲ್ಲಿ ಹದಿನೈದು ದಿವಸಗಳೊಳಗೆ ನಾಲ್ಕು ಕೋಳಿಗಳು ಗೊರಗೊರ ಉಸಿರೆಳೆದು ಸತ್ತುಹೋದವು. “ಅವ್ವಾ, ಗೂಡಿಗೆ ಗಾಳಿ ಬರಲಿಕ್ಕೆ ಎಲ್ಲಿಯೂ ದಾರಿ ಇಲ್ಲವಲ್ಲಾ?” ಎಂದು ಕೇಳಿದಾಗ ಆಕೆಯು, “ಚಳಿಗೆ ಸತ್ತಾವೆಂದೇ ಮುಚ್ಚಿದೆನು, ತಮ್ಮಾ” ಎಂದಳು. ನಾನು ಮೊಣಕಾಲೂರಿ ಗೂಡಿನೊಳಗೆ ಮುಖವಿಟ್ಟು ನೋಡಿದೆನು. ಕಣ್ಣು ಉರಿದು ನೀರು ಸುರಿಯಿತು. ಆಕೆಯು ಪ್ರೀತಿಯಿಂದ ಮಾಡಿದ್ದೇ ಕೇಡಾಗಿತ್ತು.

ಕೋಳಿಯ ಮೈಯ ಕಾವು ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದು 37. ಅದರ ಗರಿಗಳ ನಡುವೆ ಗಾಳಿಯು ನಿಂತು ದುಪ್ಪಟಿಯಂತೆ ಆಗುವದು. ಚಳಿ ಹೆಚ್ಚಾದರೆ ಅದು ಗರಿಗಳನ್ನು ಉಬ್ಬಿಸಿ, ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ ನಿದ್ರೆಮಾಡುವದು. ನಮ್ಮ ಸೀಮೆಯಲ್ಲಿ ಡಿಸೆಂಬರ, ಜನವರಿಯ ಬೆಳಗಿನ ಜಾವದ ಚಳಿಯು ಸಾಮಾನ್ಯವಾಗಿ 15 ಡಿಗ್ರಿಯ ಆಚೀಚೆ ಇರುವದು. ಬೆಳೆದ ಕೋಳಿಗೆ ಇದು ಲೆಕ್ಕಕ್ಕೇ ಇಲ್ಲ. ಹಿಮ ಬೀಳುವ ದೇಶಗಳಲ್ಲಿಯೂ ಬಲ್ಲವರು ಗೂಡಿನ ಮೇಲ್ಭಾಗದ ಕಿಂಡಿಗಳನ್ನು ತೆರೆದೇ ಇಡುತ್ತಾರೆ. ಹಾಗಾದರೆ ಕೋಳಿಯನ್ನು ಕೊಲ್ಲುವದು ಯಾವದು? ಕೋಳಿಯು ಬೇರೆಯಾಗಿ ಮೂತ್ರ ಮಾಡುವದಿಲ್ಲ; ಅದೆಲ್ಲವೂ ಹಿಕ್ಕೆಯೊಡನೆಯೇ ಹೋಗುವದು. ಮುಚ್ಚಿದ ಗೂಡಿನಲ್ಲಿ ಆ ಹಿಕ್ಕೆಯ ತೇವವೂ ಉಸಿರಿನ ತೇವವೂ ಕೂಡಿ ಅಮೋನಿಯಾ ಎಂಬ ಘಾಟು ಹುಟ್ಟುವದು. ಆ ಘಾಟು ಕೋಳಿಯ ಗಂಟಲ ಒಳಪದರನ್ನು ಸುಡಲಾಗಿ ರೋಗಗಳಿಗೆ ಬಾಗಲು ತೆರೆದಂತಾಗುವದು. ಆದಕಾರಣ ವಾರಕ್ಕೊಮ್ಮೆ, ಬೆಳಿಗ್ಗೆ ಕೋಳಿಗಳನ್ನು ಬಿಡುವ ಮುಂಚೆ, ನಿಮ್ಮ ಮೂಗನ್ನೇ ಗೂಡಿನ ಬಾಗಲಿಗೆ ಹಿಡಿದು ಪರೀಕ್ಷಿಸಿರಿ. ಮೂಗು ಚುರುಗುಟ್ಟಿದರೆ ಗೋಣಿಯನ್ನು ತೆಗೆಯಿರಿ.

ಹೀಗೆಂದ ಮಾತ್ರಕ್ಕೆ ಗೂಡು ಎಲ್ಲಾ ಕಡೆಗೂ ಬೋಳಾಗಿರಬೇಕೆಂದಲ್ಲ. ಮಲಗಿದ ಕೋಳಿಯ ಮೈಗೆ ನೇರವಾಗಿ ಬಡಿಯುವ ಗಾಳಿಯು ಗರಿಗಳನ್ನು ಬಿಡಿಸಿ ಒಳಗಿನ ಕಾವನ್ನು ಒಯ್ಯುವದು. ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ತಿಳುಕೊಳ್ಳತಕ್ಕದ್ದು. ಮುಂಗಾರಿನಲ್ಲಿ ಗಾಳಿ ಮಳೆಗಳು ಪಡುವಣದಿಂದ ಬರುವದರಿಂದ ಗೂಡಿನ ಬಾಗಲನ್ನು ಮೂಡಣಕ್ಕೆ ಇಡುವದು ಅನೇಕರ ವಾಡಿಕೆ. ಅದು ಸರಿಯೇ. ಆದರೆ ಚಳಿಗಾಲದಲ್ಲಿ ಗಾಳಿಯು ತಿರುಗಿ ಮೂಡಣದಿಂದಲೇ ಬೀಸುವದು. ಮಳೆಗಾಲದಲ್ಲಿ ಕಾಪಾಡಿದ ಬಾಗಲೇ ಈಗ ಶತ್ರುವಿಗೆ ದಾರಿಯಾಗುವದು. ಮುಂಡರಗಿಯ ಎರೆಯ ಬಯಲಿನಲ್ಲಿ ಈ ಗಾಳಿಗೆ ಅಡ್ಡವಾಗಿ ಒಂದು ಗಿಡವೂ ಇರದ ಊರುಗಳುಂಟು. ಆದುದರಿಂದ ಬಾಗಲಿನ ಮುಂದೆ ಒಂದು ಮೊಳ ಬಿಟ್ಟು ತೊಗರಿ ಕಟ್ಟಿಗೆಯ ಇಲ್ಲವೆ ಜೋಳದ ದಂಟಿನ ತಡಿಕೆಯನ್ನು ನಿಲ್ಲಿಸಿರಿ. ಕೋಳಿಗಳು ಕೂಡ್ರುವ ಎತ್ತರದ ವರೆಗೆ ಗೋಡೆಗಳಲ್ಲಿ ಸಂದಿಗಳಿರಬಾರದು. ಅದರ ಮೇಲೆ, ಮಾಡಿನ ಕೆಳಗೆ, ಎದುರುಬದುರಾಗಿ ಒಂದೊಂದು ಗೇಣು ತೆರವು ಇರಬೇಕು. ಗಾಳಿಯು ಕೋಳಿಯ ತಲೆಯ ಮೇಲಿನಿಂದ ಹಾದುಹೋಗಲಿ.

ಬುಟ್ಟಿಯ ಕೆಳಗೆ ಕೋಳಿ ಮುಚ್ಚುವವರು ಬುಟ್ಟಿಯ ಮೇಲೆ ಗೋಣಿಯನ್ನು ಗಾಳಿಯ ಕಡೆಗೆ ಮಾತ್ರ ಹೊದಿಸಲಿ. ಗೂಡು ಇದ್ದವರು ಕೂಡ್ರಲಿಕ್ಕೆ ಎರಡು ಅಂಗುಲ ದಪ್ಪದ ಕಟ್ಟಿಗೆಯನ್ನು ಅಡ್ಡ ಹಾಕಿ, ಕೋಳಿಯೊಂದಕ್ಕೆ ಒಂದು ಗೇಣಿನಷ್ಟು ಸ್ಥಳ ಕೊಡಲಿ. ಹಾಗೆ ಕೂತಾಗ ಕಾಲ್ಬೆರಳುಗಳ ಮೇಲೆ ಎದೆಯ ಗರಿಗಳು ಮುಚ್ಚಿಕೊಳ್ಳುವವು. ಕಬ್ಬಿಣದ ಕೊಳವೆ ಬೇಡ. ಅದು ಬೆಳಗಿನ ಜಾವಕ್ಕೆ ಮಂಜಿನಂತೆ ತಣ್ಣಗಾಗುವದು.

ನೆಲಕ್ಕೆ ಹಾಸುವದಕ್ಕೆ ನಮ್ಮಲ್ಲಿ ಸಿಗುವಷ್ಟು ಒಳ್ಳೇ ವಸ್ತುವು ಬೇರೆ ಕಡೆಯಲ್ಲಿ ಸುಲಭವಾಗಿ ಸಿಗಲಾರದು. ಶೇಂಗಾ ಒಡೆದ ಮೇಲೆ ಉಳಿಯುವ ಒಣ ಸಿಪ್ಪೆಯನ್ನು ನಾಲ್ಕು ಅಂಗುಲ ದಪ್ಪವಾಗಿ ಹರಡಿ, ಎರಡು ಮೂರು ದಿವಸಕ್ಕೊಮ್ಮೆ ಕೋಲಿನಿಂದ ಮೇಲುಕೆಳಗು ಮಾಡಿ, ತೇವವಾದದ್ದನ್ನು ತಿಪ್ಪೆಗೆ ಹಾಕಿದರೆ ಸಾಕು. ಅದು ಬೇಸಿಗೆಯ ವೇಳೆಗೆ ಹೊಲಕ್ಕೆ ಉತ್ತಮವಾದ ಗೊಬ್ಬರವಾಗುವದು. ಆದರೆ ಹಿಂಗಾರಿ ಮಳೆಗೆ ನೆನೆದು ಬೂಷ್ಟು ಹಿಡಿದ ಸಿಪ್ಪೆಯನ್ನು ಎಂದಿಗೂ ತರಕೂಡದು. ಆ ಬೂಷ್ಟಿನ ಧೂಳು ಕೋಳಿಯ ಪುಪ್ಪುಸದಲ್ಲಿ ಬೇರೂರುವದು.

ಬೂಷ್ಟು ಹಿಡಿದ ಕಾಳಾದರೋ ಇನ್ನೂ ಕೆಟ್ಟದ್ದು. ಮನುಷ್ಯರು ತಿನ್ನಲಾರದ ಕಪ್ಪು ಶೇಂಗಾ ಬೀಜವನ್ನೂ ಮುಗ್ಗಿದ ಗೋವಿನಜೋಳವನ್ನೂ “ಕೋಳಿಗಾದೀತು” ಎಂದು ಚೆಲ್ಲುವ ಪದ್ಧತಿ ನಮ್ಮಲ್ಲಿ ಬಹಳ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ವಿದ್ವಾಂಸರು ಹುಡುಕುತ್ತಾ ಹೋಗಿ, ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿಯೇ ದೋಷವನ್ನು ಕಂಡರು. ಅದರಲ್ಲಿ ಬೆಳೆದಿದ್ದ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತನ್ನು ಕೆಡಿಸುವದು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವದಿಲ್ಲ. ನಮ್ಮ ಮನೆಗಳಲ್ಲಿ ಶೇಂಗಾ ತುಂಬಿಡುವ ಮೂಲೆಯೂ ಕೋಳಿಯ ಮೇವಿನ ಡಬ್ಬಿಯೂ ಹತ್ತಿರ ಹತ್ತಿರವೇ ಇರುವದರಿಂದ ಇದನ್ನು ಒತ್ತಿ ಹೇಳಬೇಕಾಯಿತು.

ಚಳಿಗಾಲದ ಮೇವು ಹೆಚ್ಚೇನೂ ಬೇರೆಯಲ್ಲ. ದಿನವೆಲ್ಲಾ ಕೆದರಿ ತಿಂದ ಕೋಳಿಗೆ ಸಂಜೆ ಗೂಡು ಸೇರುವ ಮುಂಚೆ ಒಂದು ಹಿಡಿ ಜೋಳ ಇಲ್ಲವೆ ಒಡೆದ ಗೋವಿನಜೋಳ ಹಾಕಿದರೆ ಅದು ರಾತ್ರಿಯೆಲ್ಲಾ ಕರಗುತ್ತಾ ಮೈಗೆ ಕಾವು ಕೊಡುವದು. ಮಳೆಗಾಲದ ಕೊನೆಗೆ ಗರಿ ಉದುರಿಸಿಕೊಂಡ ಕೋಳಿಗೆ ಸ್ವಲ್ಪ ಒಳ್ಳೇ ಹಿಂಡಿ ಅಥವಾ ಗೆದ್ದಲು ಬೇಕು, ಯಾಕಂದರೆ ಗರಿಯು ಬಹುಮಟ್ಟಿಗೆ ಪ್ರೋಟೀನಿನಿಂದಲೇ ಆದದ್ದು. ಆ ದಿವಸಗಳಲ್ಲಿ ತತ್ತಿ ನಿಂತಿತೆಂದು ಕೋಳಿಯನ್ನು ಕೊಯ್ಯುವವರಿದ್ದಾರೆ, ತಾಳ್ಮೆಯಿರಲಿ. ಹಗಲು ಸಣ್ಣದಾಗುವದೂ ಇದಕ್ಕೊಂದು ಕಾರಣವು. ಜೂನಿನಲ್ಲಿ ಹದಿಮೂರು ತಾಸಿನಷ್ಟಿದ್ದ ನಮ್ಮ ಹಗಲು ಡಿಸೆಂಬರಿನಲ್ಲಿ ಹನ್ನೊಂದು ತಾಸು ಚಿಲ್ಲರೆಗೆ ಇಳಿಯುವದು. ಕೋಳಿಯು ಬೆಳಕನ್ನು ಕಂಡು ತತ್ತಿ ಇಡುವ ಪ್ರಾಣಿ.

ಗೂಡಿನ ಗೋಡೆಯ ಬಿರುಕುಗಳಲ್ಲಿ ಹಗಲು ಅಡಗಿದ್ದು ರಾತ್ರಿ ಹೊರಟು ರಕ್ತ ಹೀರುವ ಉಣ್ಣಿಗಳನ್ನು ಮರೆಯಬಾರದು. ಕೋಳಿಗಳನ್ನು ಹೊರಗೆ ಬಿಟ್ಟು, ಬಿರುಕುಗಳನ್ನು ಮಣ್ಣಿನಿಂದ ಮೆತ್ತಿ ಸುಣ್ಣ ಬಳಿಯಿರಿ. ಮೂಲೆಯಲ್ಲಿ ಒಣ ಬೂದಿಯ ಗುಂಪು ಇಡಿರಿ, ಅವು ತಾವೇ ಹೊರಳಾಡುವವು.

ಚಳಿಯು ನಿಜವಾಗಿ ಕೊಲ್ಲುವದು ಮರಿಗಳನ್ನು. ತಾಯಿಯ ರೆಕ್ಕೆಯ ಕೆಳಗಿನ ಮರಿಗಳಿಗೆ ಚಿಂತೆಯಿಲ್ಲ. ಆದರೆ 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂದ ಗಿರಿರಾಜ ಮೊದಲಾದ ಜಾತಿಗಳ ಮರಿಗಳನ್ನು ಈಗ ಜನರು ತಾಯಿಯಿಲ್ಲದೆ ಕೊಂಡು ತರುತ್ತಾರೆ. ಇವಕ್ಕೆ ಮೊದಲನೇ ವಾರದಲ್ಲಿ ಸುಮಾರು 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ ಮೂರರಂತೆ ತಗ್ಗಿಸಬಹುದು. ಚಾಪೆಯನ್ನು ದುಂಡಗೆ ನಿಲ್ಲಿಸಿ, ಇಪ್ಪತ್ತೈದು ಮರಿಗಳಿಗೆ 60 ವ್ಯಾಟಿನ ಹಳೇ ತರದ ಬಲ್ಬನ್ನು ತೂಗಹಾಕಿರಿ. ಈಗಿನ ಎಲ್‌ಇಡಿ ದೀಪವು ಬೆಳಕು ಕೊಡುವದೇ ಹೊರತು ಸಾಕಷ್ಟು ಕಾವು ಕೊಡುವದಿಲ್ಲ. ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿಯಾಗಿದೆ. ದೂರ ಓಡಿ ಬಾಯಿ ತೆರೆದರೆ ಸೆಕೆಯಾಗಿದೆ. ಉಷ್ಣಮಾಪಕಕ್ಕಿಂತ ಮರಿಯೇ ಚೆನ್ನಾಗಿ ಹೇಳುವದು.

ಇಷ್ಟೆಲ್ಲಾ ಮಾಡಿದ ಮನೆಯನ್ನೂ ಒಂದು ವಾರದಲ್ಲಿ ಬರಿದುಮಾಡುವದು ಕೊಕ್ಕರೆ ರೋಗವು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿಯೂ ಕಂಡ ಇದಕ್ಕೆ, ಹಿಮಾಲಯದ ರಾಣಿಖೇತದಲ್ಲಿ ಗುರುತಿಸಲ್ಪಟ್ಟದ್ದರಿಂದ, ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಹಸರು ಭೇದಿ, ಏದುಸಿರು, ತಿರುಚಿದ ಕುತ್ತಿಗೆ ಇದರ ಗುರುತುಗಳು. ಬಂದ ಮೇಲೆ ಔಷಧವಿಲ್ಲ. ಮುಂಚೆ ಹಾಕಿಸುವ ಲಸಿಕೆಯೊಂದೇ ಉಪಾಯವು. ಮರಿಗೆ ಐದರಿಂದ ಏಳು ದಿವಸಗಳೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ; ಎಂಟು ವಾರ ತುಂಬಿದ ಮೇಲೆ ಚುಚ್ಚುಮದ್ದು. ಈ ಎರಡನೆಯದರ ಬೀಜವನ್ನು 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಸ್ಥೆಯಲ್ಲಿ ಸಿದ್ಧಮಾಡಿದರು.

ಕ್ರಿಸ್ಮಸ್ ಹಬ್ಬಕ್ಕೆಂದು ಸಂತೆಯಿಂದ ಕೋಳಿ ತರುವವರು ವಿಶೇಷವಾಗಿ ಕೇಳಿರಿ. ಹೊಸ ಕೋಳಿಯನ್ನು ಮೂರು ವಾರ ಬೇರೆ ಬುಟ್ಟಿಯ ಕೆಳಗೆ, ಬೇರೆ ನೀರಿನ ಪಾತ್ರೆಯೊಡನೆ ಇಡತಕ್ಕದ್ದು. ಹಬ್ಬದ ಹಿಂದಿನ ದಿವಸ ತಂದು ಮರುದಿನ ಕೊಯ್ಯುವದಾದರೂ ಹಿತ್ತಲಿಗೆ ಬಿಡಬೇಡಿರಿ; ಗರಿಗಳನ್ನೂ ಕರುಳನ್ನೂ ಸುಣ್ಣ ಹಾಕಿ ಹೂಳಿರಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯುವವನು ಓಣಿಯ ಕೋಳಿಗಳಿಗೆಲ್ಲಾ ರೋಗ ಹಂಚುವನು.

ಲಸಿಕೆಯ ವಿಷಯದಲ್ಲಿ ಒಂದು ಅಡ್ಡಿಯುಂಟು. ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಆಗುವಷ್ಟು ಮದ್ದಿರುವದು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಎಂಟು ಕೋಳಿಗಳ ಮನೆಯವಳು ಒಬ್ಬಳೇ ಹೋದರೆ ಉಳಿದದ್ದೆಲ್ಲಾ ಹಾಳು. ಆದಕಾರಣ ಹತ್ತು ಹನ್ನೆರಡು ಮನೆಗಳವರು ಕೂಡಿ, ಕೋಳಿಗಳನ್ನು ಎಣಿಸಿ, ತಮ್ಮ ತಾಲೂಕಿನ ಪಶು ಆಸ್ಪತ್ರೆಯಲ್ಲಿ ದಿವಸವನ್ನು ಗೊತ್ತುಮಾಡಿಕೊಳ್ಳಿರಿ. ಜಂತುವಿನ ಔಷಧವನ್ನು ಒಂದು ವಾರ ಮುಂಚೆ ಕೊಟ್ಟಿರಬೇಕು. ರೋಗ ತಾಗಿದ ಕೋಳಿಗೆ ಚುಚ್ಚಿಸಬಾರದು. ಲಸಿಕೆಯನ್ನು ಮಂಜುಗಡ್ಡೆಯಿಟ್ಟ ಡಬ್ಬಿಯಲ್ಲಿಯೇ ಒಯ್ಯಬೇಕು. ಆ ದಿವಸ ಬೆಳಕು ಹರಿಯುವ ಮುಂಚೆ, ಕೋಳಿಗಳು ಇನ್ನೂ ಗೂಡಿನಲ್ಲಿರುವಾಗಲೇ ಹಿಡಿದು ಬುಟ್ಟಿಯ ಕೆಳಗೆ ಇಡಿರಿ. ಬಿಟ್ಟ ಮೇಲೆ ಊರೆಲ್ಲಾ ಓಡಾಡಿದರೂ ಕೈಗೆ ಸಿಕ್ಕುವದಿಲ್ಲ.