ಮಳೆಗಾಲದಲ್ಲಿ ಮಗುವಿನ ಲಂಗೋಟಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಆಟಿ ತಿಂಗಳಲ್ಲಿ ಹಸುಗೂಸಿರುವ ಮನೆಗಳಿಗೆ ಒಂದೇ ಚಿಂತೆ: ಒಗೆದ ಲಂಗೋಟಿ ಒಣಗುವುದಿಲ್ಲ. ಆದ್ದರಿಂದ ಬಟ್ಟೆ ಆರಿಸುವಾಗ ಅದು ಎಷ್ಟು ಹೀರುತ್ತದೆ ಎಂಬುದರ ಜತೆಗೆ ಎಷ್ಟು ಬೇಗ ಒಣಗುತ್ತದೆ ಎಂಬುದನ್ನೂ ನೋಡಬೇಕು.

ಒಗೆದು ಒಗೆದು ಮೆತ್ತಗಾದ ಹತ್ತಿಯ ಪಂಚೆ, ಸೀರೆ ಇದಕ್ಕೆ ಉತ್ತಮ. ಒಂದೇ ಪದರದ ತುಂಡನ್ನು ಮಡಚಿ ಕಟ್ಟಿ. ಒಗೆದ ಮೇಲೆ ಬಿಡಿಸಿ ಹರವಿ. ಹಲವು ಪದರ ಸೇರಿಸಿ ಹೊಲಿದದ್ದು ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆ ತೇವದಿಂದ ತೊಡೆಸಂದಿ ಕೆಂಪಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಬೇಗ ಒಣಗುತ್ತವೆ, ಆದರೆ ಮೂತ್ರ ಹೀರುವುದಿಲ್ಲ. ಅರೆ ಒಣಗಿದ ಬಟ್ಟೆಗೆ ಇಸ್ತ್ರಿ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಕಟ್ಟಿ.

ಪೆಟ್ಟಿಗೆಯಿಂದ ತೆಗೆದ ಹಳೆಯ ಬಟ್ಟೆಯಾದರೆ ಮೊದಲು ಮೂಸಿ ನೋಡಿ. ನ್ಯಾಫ್ತಲೀನ್ ನುಸಿಗುಳಿಗೆಯ ವಾಸನೆಯಿದ್ದರೆ ಶಿಶುವಿಗೆ ಬೇಡವೇ ಬೇಡ. ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಇದರಿಂದ ತೀವ್ರ ಕಾಮಾಲೆಯಾಗಿ ಮಿದುಳಿಗೂ ಹಾನಿಯಾಗಬಹುದು. ಈ ಕೊರತೆ ಮಗುವನ್ನು ನೋಡಿದರೆ ತಿಳಿಯುವಂಥದ್ದಲ್ಲ.

ಮಗುವಿನ ಕಣ್ಣು, ಚರ್ಮ ಹಳದಿಯಾದರೆ ಅಂದೇ ವೈದ್ಯರಿಗೆ ತೋರಿಸಿ. ಹಾಲು ಕುಡಿಯದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.