ಕೆಲಸ ಕೇಳಲು ಸಂಕೋಚವೇಕೆ?

ಪ್ರಶ್ನೆ: ನಾನು ಟಿ. ನರಸೀಪುರ ತಾಲ್ಲೂಕಿನವಳು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಮೂರು ವರ್ಷದಿಂದ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಲ್ಯಾಬಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ದುಡಿಯುತ್ತಿದ್ದೇನೆ. ಕಾಯಂ ಆಗುವ ಲಕ್ಷಣ ಕಾಣುತ್ತಿಲ್ಲ. ಗೆಳತಿ ಹೇಳಿದಳೆಂದು ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದೆ. ಆದರೆ ಗುರುತಿಲ್ಲದವರಿಗೆ ಬರೆಯಲು ಮನಸ್ಸು ಬರುವುದಿಲ್ಲ, ಕೈಚಾಚಿದಂತೆ ಅನಿಸುತ್ತದೆ. ಇಂಗ್ಲಿಷೂ ಅಷ್ಟಕ್ಕಷ್ಟೆ. ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಇರುವ ಕೆಲಸಕ್ಕೂ ಕುತ್ತು. ಅಪ್ಪನಂತೂ “ಫೋನಲ್ಲಿ ಕೆಲ್ಸ ಸಿಕ್ಕದಾ? ನಮ್ಮೋರು ಯಾರ್ನಾದ್ರೂ ಹಿಡೀಬೇಕು ಕಣವ್ವ” ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಎಚ್‌ಪಿಎಲ್‌ಸಿ ಯಂತ್ರದ ಮುಂದೆ ಕೂರಿಸಿದರೆ ಮೊದಲ ದಿನದಿಂದಲೇ ಕೆಲಸ ಮಾಡಬಲ್ಲವರು ಬೇಕೆಂದು ಲ್ಯಾಬುಗಳೂ ಹುಡುಕುತ್ತಿರುತ್ತವೆ. ನಿಮ್ಮ ಬಳಿ ಮೂರು ವರ್ಷದ ದುಡಿಮೆಯಿದೆ. ಅದನ್ನು ತಿಳಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿಮ್ಮ ತಂದೆಯ ಮಾತನ್ನೂ ತಳ್ಳಿಹಾಕಬೇಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನವೊಂದರಲ್ಲಿ, ಪರಿಚಿತರ ಮೂಲಕ ಕೆಲಸ ಹಿಡಿದ ಹೆಚ್ಚಿನವರಿಗೆ ಸುದ್ದಿ ತಲುಪಿದ್ದು ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಎಂದು ತೋರಿಸಿದರು. ತೀರ ಹತ್ತಿರದವರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದಲ್ಲ! 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಅಧ್ಯಯನ ಬಂತು. ಅದೂ ತೆಳು ಪರಿಚಯದ ಬಲವನ್ನೇ ಎತ್ತಿ ಹಿಡಿಯಿತು. ಜೊತೆಗೆ, ಕಂಪ್ಯೂಟರಿನ ಮೇಲೆ ಅಷ್ಟಾಗಿ ನಿಂತಿರದ ಉದ್ಯಮಗಳಲ್ಲಿ ಗಟ್ಟಿ ಪರಿಚಯವೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದೂ ಹೇಳಿತು. ನಿಮ್ಮದು ಕಾರ್ಖಾನೆಯ ಕೆಲಸ. ಹಾಗಾಗಿ ತಾಂಡ್ಯ, ತಾಂಡವಪುರ, ಅಡಕನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿರುವ ನಿಮ್ಮೂರಿನವರು ಯಾರ್ಯಾರು ಎಂದು ತಂದೆಯನ್ನೇ ವಿಚಾರಿಸಿ. ಫೋನಿನ ಹುಡುಕಾಟವೂ ಜೊತೆಗೇ ನಡೆಯಲಿ.

ಪೂರಾ ಅಪರಿಚಿತರಿಗೆ ಈಗಲೇ ಬರೆಯಬೇಕಿಲ್ಲ. ಕಾಲೇಜಿನ ಸೀನಿಯರ್‌ಗಳು, ನಿಮ್ಮ ಲ್ಯಾಬ್ ಬಿಟ್ಟು ಜಿಗಣಿಗೋ ಹೈದರಾಬಾದಿಗೋ ಹೋದವರು, ಒಂದೇ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದವರು: ಇಂಥ ಅರೆಪರಿಚಿತರಿಂದ ಶುರು ಮಾಡಿ. ಕನ್ನಡದವರಿಗೆ ಕನ್ನಡದಲ್ಲೇ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಹೀಗೆ: “ಅಕ್ಕ, ನಮಸ್ತೆ. ನೀವು ಇಲ್ಲಿ ಕ್ಯೂಸಿಯಲ್ಲಿದ್ದಾಗ ನಾನು ಹೊಸದಾಗಿ ಸೇರಿದ್ದೆ. ಈಗ ಎಚ್‌ಪಿಎಲ್‌ಸಿ, ಡಿಸಲ್ಯೂಷನ್ ಎರಡೂ ನಾನೇ ಮಾಡುತ್ತೇನೆ. ನಿಮ್ಮಲ್ಲಿ ಮೂರು ವರ್ಷ ಅನುಭವ ಇರುವವರನ್ನು ತೆಗೆದುಕೊಳ್ಳುವಾಗ ಮುಖ್ಯವಾಗಿ ಏನು ಕೇಳುತ್ತಾರೆ? ಬಿಡುವಾದಾಗ ಹತ್ತು ನಿಮಿಷ ಮಾತಾಡಬಹುದಾ?”

ಇದರಲ್ಲಿ ‘ಕೆಲಸ ಕೊಡಿಸಿ’ ಎಂಬ ಮಾತಿಲ್ಲ, ಗಮನಿಸಿ. ಹಾಗೆ ಕೇಳಿದರೆ ಓದಿದವರು ಇಕ್ಕಟ್ಟಿಗೆ ಬಿದ್ದು ಸುಮ್ಮನಾಗುತ್ತಾರೆ. ಗೊತ್ತಿರುವುದನ್ನು ಹೇಳಿ ಎಂದರೆ ಯಾರಾದರೂ ಹೇಳುತ್ತಾರೆ, ಜಾಗ ಖಾಲಿಯಾದಾಗ ನೆನಪೂ ಮಾಡಿಕೊಳ್ಳುತ್ತಾರೆ. ಒಳಗಿನವರು ಸೂಚಿಸಿದ ವ್ಯಕ್ತಿ ಸೇರಿದರೆ ಸೂಚಿಸಿದವರಿಗೆ ಹಣ ಕೊಡುವ ಕಂಪನಿಗಳೂ ಇವೆ. ಋಣ ಪೂರ್ತಿ ನಿಮ್ಮ ತಲೆಯ ಮೇಲೇನೂ ಬರುವುದಿಲ್ಲ.

ಖಾತೆಯಲ್ಲಿ ಹೆಸರಿನ ಕೆಳಗೆ ‘ಸೀಕಿಂಗ್ ಆಪರ್ಚುನಿಟೀಸ್’ ಎಂದಿದ್ದರೆ ಅಳಿಸಿ. ಎಚ್‌ಆರ್‌ನವರು ಹುಡುಕುವುದು ಉಪಕರಣದ ಹೆಸರು, ಕೆಲಸದ ಹೆಸರು. ಅವನ್ನೇ ಹಾಕಿ. ನಿಮಗೆ ಬರುವುದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದರೆ ಸಾಕು. ಲ್ಯಾಬಿನ ಫೋಟೊ, ಬ್ಯಾಚ್ ನಂಬರ್, ಗ್ರಾಹಕ ಕಂಪನಿಗಳ ಹೆಸರು ಮಾತ್ರ ಖಂಡಿತ ಬೇಡ. ಸೂಪರ್‌ವೈಸರ್ ಭಯಕ್ಕೆ, ಫೋಟೊ ಸುತ್ತ ಬರುವ ‘ಓಪನ್ ಟು ವರ್ಕ್’ ಹಸಿರು ಪಟ್ಟಿ ಹಾಕಬೇಡಿ. ನೇಮಕ ಮಾಡುವವರಿಗೆ ಮಾತ್ರ ಕಾಣುವ ಆಯ್ಕೆಯಿದೆ. ಅದೂ ನಿಮ್ಮ ಕಂಪನಿಗೆ ಎಂದಿಗೂ ತಿಳಿಯದು ಎಂಬ ಖಾತರಿ ಕೊಡುವುದಿಲ್ಲ. ಹಾಗಾಗಿ ಕಾರ್ಖಾನೆಯ ಬಗ್ಗೆ ಕಹಿ ಮಾತು ಎಲ್ಲೂ ಬರೆಯಬೇಡಿ.

ಹೆಸರು ಹೊರಗೆ ಕಂಡ ಮೇಲೆ ಮೋಸಗಾರರೂ ಬರುತ್ತಾರೆ. ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಡಿಪಾಸಿಟ್ ಎಂದು ಯಾರು ಕೇಳಿದರೂ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾಂಟ್ರ್ಯಾಕ್ಟ್‌ನಲ್ಲಿರುವವರು ಎಡವುವ ಜಾಗ ಇನ್ನೊಂದಿದೆ. ಸಾಮಾನ್ಯವಾಗಿ ಪಿಎಫ್ ದಾಖಲೆಯಲ್ಲಿ ನಿಮ್ಮ ಮಾಲೀಕರೆಂದು ಇರುವುದು ಗುತ್ತಿಗೆದಾರನ ಹೆಸರು. ಹೊಸ ಕಂಪನಿ ನಿಮ್ಮ ಪಿಎಫ್ ಸಂಖ್ಯೆ (ಯುಎಎನ್) ತೆಗೆದು ನೋಡಿದಾಗ ಕಾರ್ಖಾನೆಯ ಹೆಸರು ಸಿಗದಿದ್ದರೆ ಸುಳ್ಳು ಹೇಳಿದ್ದೀರಿ ಎಂದುಕೊಳ್ಳಬಹುದು. ಆದ್ದರಿಂದ ಇಂಥ ಗುತ್ತಿಗೆದಾರರ ಮೂಲಕ ಇಂಥ ಕಾರ್ಖಾನೆಯಲ್ಲಿ ಎಂದು ಎರಡನ್ನೂ ನಮೂದಿಸಿ. ಸಂಬಳದ ಚೀಟಿ, ಗೇಟ್ ಪಾಸಿನ ಪ್ರತಿ ಜೋಪಾನವಾಗಿಟ್ಟುಕೊಳ್ಳಿ. ಯಾವ ವಿಭಾಗದಲ್ಲಿ ಎಷ್ಟು ದಿನದಿಂದ ಇದ್ದೀರಿ ಎಂಬುದಕ್ಕೆ ಗುತ್ತಿಗೆದಾರರಿಂದ ಈಗಲೇ ಒಂದು ಪತ್ರ ಕೇಳಿ ಪಡೆಯಿರಿ.