ರೆಡ್‌ಮೈನ್‌ಗೆ ಪ್ಲಗಿನ್ ಬರೆಯೋದು ಹೇಗೆ, ಯಾವಾಗ ಬರೆಯಬಾರದು

ಓಪನ್ ಸೋರ್ಸ್ ಅಂದಮೇಲೆ ಕೋಡ್ ನಮ್ಮ ಕೈಯಲ್ಲೇ ಇದೆ. ಬೇಕಾದ ಫೈಲ್ ತೆರೆದು ಬೇಕಾದ ಸಾಲು ಬದಲಾಯಿಸಿದ್ರೆ ಕೆಲಸ ಮುಗೀತಲ್ಲ, ಮಧ್ಯೆ ಈ ಪ್ಲಗಿನ್ ಯಾಕೆ? ಪ್ರಾಜೆಕ್ಟ್‌ಗೆ ಅಂತ ಯಾವುದಾದರೂ ಓಪನ್ ಸೋರ್ಸ್ ಸಾಫ್ಟ್‌ವೇರ್ ಇಳಿಸಿಕೊಂಡವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ.

ಉತ್ತರ ಗೊತ್ತಾಗೋದು ಅವತ್ತೇ ಅಲ್ಲ, ಮುಂದಿನ ಅಪ್‌ಡೇಟ್ ಬಂದಾಗ. ಹೊಸ ಆವೃತ್ತಿಯಲ್ಲಿ ಒಂದು ಸೆಕ್ಯುರಿಟಿ ತೂತು ಮುಚ್ಚಿದ್ದಾರೆ ಅಂದ್ಕೊಳ್ಳಿ, ಹಾಕಲೇಬೇಕು. ಆದರೆ ಅದನ್ನು ಹಾಕಿದರೆ ನೀವು ಬದಲಾಯಿಸಿದ ಫೈಲುಗಳ ಮೇಲೆ ಹೊಸ ಫೈಲುಗಳು ಬಂದು ಕೂರುತ್ತವೆ. ಗಿಟ್‌ನಲ್ಲಿ ಮರ್ಜ್ ಮಾಡಬಹುದು, ನಿಜ. ಆದರೆ ಪ್ರತಿ ಸಲ ಯಾವ ಸಾಲು ನಮ್ಮದು, ಯಾವುದು ಅವರದು ಅಂತ ಕೂತು ಬಿಡಿಸಬೇಕು. ಆ ಬದಲಾವಣೆ ಮಾಡಿದ ಸೀನಿಯರ್ ಅಷ್ಟರಲ್ಲಿ ಪಾಸಾಗಿ ಹೋಗಿರ್ತಾರೆ. ಕಾಲೇಜಿನಲ್ಲಿ ಸಾಫ್ಟ್‌ವೇರ್ ನಡೆಸೋದರ ದೊಡ್ಡ ಕಷ್ಟವೇ ಇದು: ನಾಲ್ಕು ವರ್ಷಕ್ಕೊಮ್ಮೆ ಇಡೀ ತಂಡ ಖಾಲಿಯಾಗುತ್ತೆ, ಸರ್ವರ್ ಮಾತ್ರ ಅಲ್ಲೇ ಇರುತ್ತೆ.

ಪ್ಲಗಿನ್ ಹುಟ್ಟಿದ್ದೇ ಈ ತೊಂದರೆಗೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ನಾವು ರೆಡ್‌ಮೈನ್ ತಗೊಂಡಿದ್ದೀವಿ. ಇದನ್ನು 2006ರಲ್ಲಿ ಶುರು ಮಾಡಿದವರು ಝಾನ್-ಫಿಲಿಪ್ ಲಾಂಗ್. ರೂಬಿ ಆನ್ ರೇಲ್ಸ್‌ನಲ್ಲಿ ಬರೆದದ್ದು, ಲೈಸೆನ್ಸ್ ಜಿಪಿಎಲ್ ಆವೃತ್ತಿ 2. ಮಾಡಬೇಕಾದ ಪ್ರತಿ ಕೆಲಸವೂ ಇದರಲ್ಲಿ ಒಂದು 'ಇಶ್ಯೂ'. ಅದನ್ನು ಯಾರಿಗೆ ವಹಿಸಿದೆ, ಯಾವ ಹಂತದಲ್ಲಿದೆ, ಯಾವಾಗ ಮುಗೀಬೇಕು ಎಲ್ಲಾ ಅದರೊಳಗೇ ಇರುತ್ತೆ. ಗ್ಯಾಂಟ್ ಚಾರ್ಟ್, ವಿಕಿ, ಗಿಟ್ ಜೋಡಣೆ ಕೂಡ ಇವೆ. ನೋಡೋಕೆ ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತೆ, ಆದರೆ ಕೋಡ್ ಓದೋಕೆ ಸುಲಭ. ಎರಡನೇ ವರ್ಷದವರಿಗೆ ಅದೇ ಮುಖ್ಯ.

ಮೊದಲು ಒಂದು ಎಚ್ಚರಿಕೆ. ಪ್ಲಗಿನ್ ಬೇಕು ಅನ್ನಿಸೋ ಎಷ್ಟೋ ಕೆಲಸಕ್ಕೆ ಪ್ಲಗಿನ್ ಬೇಡ. ನಮ್ಮಂಥ ಮ್ಯಾಗಜೀನನ್ನೇ ತಗೊಳ್ಳಿ. ಪ್ರತಿ ಲೇಖನ ಒಂದು ಇಶ್ಯೂ. ಕರಡು, ತಿದ್ದುಪಡಿ, ಪ್ರಕಟ ಅಂತ ಹಂತಗಳು ಬೇಕು. ಅಡ್ಮಿನ್ ಪುಟದಲ್ಲೇ ಸೇರಿಸಬಹುದು. 'ಕಾಗುಣಿತ ನೋಡಿದವರು' ಅಂತ ಒಂದು ಖಾನೆ ಬೇಕು. ಅದಕ್ಕೆ ಕಸ್ಟಮ್ ಫೀಲ್ಡ್ ಇದೆ. ಆ ಖಾನೆ ತುಂಬದೆ ಲೇಖನ 'ಪ್ರಕಟ' ಆಗಬಾರದು ಅಂದ್ರೂ ವರ್ಕ್‌ಫ್ಲೋದಲ್ಲಿ 'ಈ ಹಂತದಲ್ಲಿ ಈ ಫೀಲ್ಡ್ ಕಡ್ಡಾಯ' ಅಂತ ಟಿಕ್ ಮಾಡಿದ್ರೆ ಆಯ್ತು. ಒಂದು ಸಾಲು ಕೋಡ್ ಇಲ್ಲ. ಈ ಅಡ್ಮಿನ್ ಪುಟಗಳನ್ನು ಪೂರ್ತಿ ನೋಡದೆ ಪ್ಲಗಿನ್ ಹುಡುಕೋಕೆ ಹೊರಡೋರೇ ಜಾಸ್ತಿ.

ಹಾಗಾದ್ರೆ ಏನು ಆಗಲ್ಲ? ಲೇಖನದಲ್ಲಿ ಎಷ್ಟು ಪದ ಇದೆ ಅಂತ ಇಶ್ಯೂ ಪುಟದಲ್ಲೇ ಕಾಣಿಸಬೇಕು ಅಂದ್ಕೊಳ್ಳಿ. ಇದಕ್ಕೆ ಸೆಟ್ಟಿಂಗ್ ಇಲ್ಲ. ಚಿಕ್ಕ ಕೆಲಸ, ಕಲಿಯೋಕೆ ಸರಿಯಾದ ಅಳತೆ. ಇದನ್ನೇ ಪ್ಲಗಿನ್ ಮಾಡೋಣ. (ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೀವಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ರೆಡ್‌ಮೈನ್ ಫೋಲ್ಡರ್ ಒಳಗೆ 'ಪ್ಲಗಿನ್ಸ್' ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ನಮ್ಮ ಪ್ಲಗಿನ್ನಿನ ಹೆಸರಲ್ಲಿ ಇನ್ನೊಂದು ಫೋಲ್ಡರ್. ಇದನ್ನು ಕೈಯಾರೆ ಮಾಡಬೇಕಿಲ್ಲ, 'ರೇಲ್ಸ್ ಜನರೇಟ್ ರೆಡ್‌ಮೈನ್_ಪ್ಲಗಿನ್' ಅನ್ನೋ ಕಮಾಂಡಿಗೆ ಹೆಸರು ಕೊಟ್ಟರೆ ಅಸ್ಥಿಪಂಜರ ಸಿದ್ಧ. ಅದರಲ್ಲಿ ಮುಖ್ಯವಾದ ಫೈಲ್ ಇನಿಟ್.ಆರ್‌ಬಿ. ಪ್ಲಗಿನ್ನಿನ ಹೆಸರು, ಬರೆದವರು, ಆವೃತ್ತಿ, ಕನಿಷ್ಠ ಯಾವ ರೆಡ್‌ಮೈನ್ ಬೇಕು ಅನ್ನೋದನ್ನೆಲ್ಲ ಇಲ್ಲಿ ಘೋಷಿಸಬೇಕು. ಮೆನುವಿಗೆ ಹೊಸ ಕೊಂಡಿ, ಹೊಸ ಅನುಮತಿಗಳು, ಪ್ರಾಜೆಕ್ಟಿಗೊಂದು ಹೊಸ ಮಾಡ್ಯೂಲ್ ಬೇಕಿದ್ದರೆ ಅವೂ ಇಲ್ಲೇ. ಸರ್ವರ್ ಶುರುವಾಗುವಾಗ ರೆಡ್‌ಮೈನ್ ಈ ಫೋಲ್ಡರುಗಳನ್ನು ಅಕಾರಾದಿಯಾಗಿ ಒಂದೊಂದೇ ಓದಿಕೊಂಡು ಹೋಗುತ್ತೆ.

ಇನ್ನು ಪದಗಳ ಲೆಕ್ಕ ಪುಟದೊಳಗೆ ಹೋಗೋದು ಹೇಗೆ? ಇಲ್ಲಿ ಬರುತ್ತೆ ಹುಕ್. ಹಾಸ್ಟೆಲ್ ರೂಮಿನ ಗೋಡೆ ನೆನಪಿಸಿಕೊಳ್ಳಿ. ಕಟ್ಟಿದವರು ಅಲ್ಲಲ್ಲಿ ಪ್ಲಗ್ ಪಾಯಿಂಟ್ ಇಟ್ಟಿರ್ತಾರೆ. ಯಾರು ಏನು ಸಿಕ್ಕಿಸ್ತಾರೆ ಅಂತ ಅವರಿಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಹಾಗೆ ರೆಡ್‌ಮೈನ್ ಬರೆದವರು ಕೋಡಿನ ಹಲವು ಕಡೆ 'ಕಾಲ್_ಹುಕ್' ಅಂತ ಒಂದು ಸಾಲು ಇಟ್ಟಿದ್ದಾರೆ. ಇಶ್ಯೂ ಪುಟ ತಯಾರಾಗುತ್ತಾ ವಿವರಗಳ ಕೊನೆಗೆ ಬಂದಾಗ 'ವ್ಯೂ_ಇಶ್ಯೂಸ್_ಶೋ_ಡೀಟೇಲ್ಸ್_ಬಾಟಮ್' ಅಂತ ಕೂಗು ಹಾಕುತ್ತೆ: ಇಲ್ಲಿ ಯಾರಿಗಾದ್ರೂ ಏನಾದ್ರೂ ಸೇರಿಸೋದಿದೆಯಾ? ಜೊತೆಗೆ ಆ ಇಶ್ಯೂವನ್ನೂ ಕೈಗೆ ಕೊಡುತ್ತೆ. ನಾವು ವ್ಯೂ-ಲಿಸನರ್‌ನಿಂದ ಒಂದು ಕ್ಲಾಸ್ ಮಾಡಿ, ಅದೇ ಹೆಸರಿನ ಮೆಥಡ್ ಬರೆದು, ಪದಗಳನ್ನು ಎಣಿಸಿ ಒಂದು ಸಾಲು ಎಚ್‌ಟಿಎಂಎಲ್ ವಾಪಸ್ ಕೊಟ್ಟರೆ ಅದು ಪುಟದಲ್ಲಿ ಸೇರಿಕೊಳ್ಳುತ್ತೆ. ಪ್ರೊಡಕ್ಷನ್‌ನಲ್ಲಿ ಸರ್ವರ್ ರೀಸ್ಟಾರ್ಟ್ ಮಾಡೋದು ಮರೀಬೇಡಿ.

ಅಕ್ಷರ ಬಿಟ್ಟು ಪದ ಯಾಕೆ ಎಣಿಸಿದ್ವಿ ಅಂದ್ರೆ, 'ಕನ್ನಡ' ಅನ್ನೋದು ನಮಗೆ ಮೂರಕ್ಷರ. ರೂಬಿಯ ಲೆಂಗ್ತ್ ಅದನ್ನು ಐದು ಅನ್ನುತ್ತೆ. ಅದು ಎಣಿಸೋದು ಯೂನಿಕೋಡ್ ಸಂಕೇತಗಳನ್ನು: ಕ, ನ, ಹಲಂತ, ನ, ಡ. ಒತ್ತಕ್ಷರ ಬಂದಲ್ಲೆಲ್ಲ ಲೆಕ್ಕ ಉಬ್ಬುತ್ತೆ. ಪದಗಳಿಗಾದ್ರೆ ಖಾಲಿ ಜಾಗದಲ್ಲಿ ಕತ್ತರಿಸಿದ್ರೆ ಸಾಕು.

ಹೀಗೆ ಹುಕ್ ಬಳಸಿದ ಪ್ಲಗಿನ್ ಮಾತೃ ಕೋಡನ್ನು ಮುಟ್ಟಿಲ್ಲ. ಫೋಲ್ಡರ್ ತೆಗೆದ್ರೆ ಪುಟ ಮೊದಲಿನ ಹಾಗೇ. ಕೊರತೆ ಏನಂದ್ರೆ, ಪ್ಲಗ್ ಪಾಯಿಂಟ್ ಇರೋ ಕಡೆ ಮಾತ್ರ ಸಿಕ್ಕಿಸೋಕಾಗುತ್ತೆ. ಹೊಸದೇನಾದ್ರೂ ಸೇರಿಸಬಹುದು, ಪುಟದಲ್ಲಿ ಆಗಲೇ ಇರೋದನ್ನು ಈ ಹುಕ್‌ನಿಂದ ಕಿತ್ತು ಹಾಕೋಕಾಗಲ್ಲ.

ಅದು ಸಾಲದು ಅಂದವರು ಗೋಡೆ ಒಡೀತಾರೆ. ರೂಬಿಯಲ್ಲಿ ಯಾವ ಕ್ಲಾಸನ್ನು ಬೇಕಾದ್ರೂ, ಯಾವಾಗ ಬೇಕಾದ್ರೂ ಮತ್ತೆ ತೆರೆದು ಬದಲಾಯಿಸಬಹುದು. ನಿಮ್ಮ ಪ್ಲಗಿನ್ ರೆಡ್‌ಮೈನ್‌ನ ಇಶ್ಯೂ ಕ್ಲಾಸಿನೊಳಗೇ ಕೈ ಹಾಕಿ, ಅದರ ಮೆಥಡ್ ಬದಲು ತನ್ನದನ್ನು ಕೂರಿಸಬಹುದು. ಇದಕ್ಕೆ ಮಂಕಿ ಪ್ಯಾಚಿಂಗ್ ಅಂತಾರೆ. ಇಲ್ಲೂ ಮೇಲು ಕೀಳು ಇದೆ. ಹೊಸ ಮೆಥಡ್ ಅಥವಾ ಹೊಸ ವ್ಯಾಲಿಡೇಶನ್ ಸೇರಿಸೋದು ಒಂದು ಮಟ್ಟಿಗೆ ಕ್ಷೇಮ. ಇರೋ ಮೆಥಡ್ಡಿನ ನಡತೆಯನ್ನೇ ಬದಲಾಯಿಸಿದಾಗ ಪೀಕಲಾಟ ಶುರು.

ಎರಡು ಪ್ಲಗಿನ್‌ಗಳು ಒಂದೇ ಮೆಥಡ್ ಹಿಡ್ಕೊಂಡ್ರೆ ಏನಾಗುತ್ತೆ ನೋಡಿ. ಹಳೆ ಪ್ಲಗಿನ್‌ಗಳು 'ಅಲಿಯಾಸ್_ಮೆಥಡ್_ಚೈನ್' ಅನ್ನೋ ರೇಲ್ಸ್ ತಂತ್ರ ಬಳಸ್ತಿದ್ವು: ಹಳೇ ಮೆಥಡ್‌ಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಇಡೋದು, ಅದರ ಹೆಸರನ್ನು ತಾವು ತಗೊಳ್ಳೋದು. ಹೊಸವು ರೂಬಿಯ 'ಪ್ರಿಪೆಂಡ್' ಬಳಸ್ತವೆ: ಮೂಲ ಮೆಥಡ್ಡಿನ ಮುಂದೆ ಒಂದು ಮಾಡ್ಯೂಲ್ ನಿಲ್ಲಿಸೋದು, ಅದು 'ಸೂಪರ್' ಅಂತ ಒಳಗಿನದನ್ನು ಕರೆಯೋದು. ಎರಡೂ ಬೇರೆ ಬೇರೆಯಾಗಿ ಚೆನ್ನಾಗೇ ಓಡ್ತವೆ. ಆದರೆ ಮೊದಲು ಪ್ರಿಪೆಂಡ್ ಆಗಿ, ಆಮೇಲೆ ಅದೇ ಮೆಥಡ್ ಮೇಲೆ ಅಲಿಯಾಸ್ ಬಂದ್ರೆ, ಅಲಿಯಾಸ್ 'ಹಳೇದು' ಅಂತ ಎತ್ತಿಟ್ಟುಕೊಳ್ಳೋದು ಮೂಲವನ್ನಲ್ಲ, ಮುಂದೆ ನಿಂತಿರೋ ಮಾಡ್ಯೂಲಿನ ಮೆಥಡ್ಡನ್ನು. ಈಗ ಇದು ಅದನ್ನು ಕರೆಯುತ್ತೆ, ಅದು ಇದನ್ನು ಕರೆಯುತ್ತೆ. ಫೀಸ್ ಕೌಂಟರಿನವರು ಎಕ್ಸಾಮ್ ಸೆಕ್ಷನ್ನಿಗೆ ಕಳಿಸಿ, ಅವರು ಮತ್ತೆ ಫೀಸ್ ಕೌಂಟರಿಗೆ ಕಳಿಸಿದ ಹಾಗೆ. ನಾವಾದ್ರೆ ಊಟದ ಹೊತ್ತಿಗೆ ಸುಸ್ತಾಗಿ ಬಿಡ್ತೀವಿ. ಕಂಪ್ಯೂಟರ್ ಸ್ಟ್ಯಾಕ್ ತುಂಬೋವರೆಗೂ ಓಡಿ 'ಸ್ಟ್ಯಾಕ್ ಲೆವೆಲ್ ಟೂ ಡೀಪ್' ಅಂತ ಬೀಳುತ್ತೆ. ಎರಡೂ ಪ್ಲಗಿನ್ ಬರೆದವರದು ತಪ್ಪಿಲ್ಲ, ಒಬ್ಬರಿಗೊಬ್ಬರು ಗೊತ್ತೂ ಇಲ್ಲ. ಹಾಕ್ಕೊಂಡವರು ಮಾತ್ರ ರಾತ್ರಿಯೆಲ್ಲ ಕೂರಬೇಕು.

ಇನ್ನು ಅಪ್‌ಗ್ರೇಡ್ ವಿಷಯ. ರೆಡ್‌ಮೈನ್ ತಾನು ನಿಂತಿರೋ ರೇಲ್ಸ್ ಬದಲಾದ ಹಾಗೆ ಬದಲಾಗುತ್ತೆ. 2018ರ ಡಿಸೆಂಬರಿನಲ್ಲಿ ಬಂದ 4.0, ರೇಲ್ಸ್ 5.2ಕ್ಕೆ ಹೋಯ್ತು. ಆ ರೇಲ್ಸ್‌ನಲ್ಲಿ ಅಲಿಯಾಸ್_ಮೆಥಡ್_ಚೈನ್ ಇಲ್ಲ. 'ಬಿಫೋರ್_ಫಿಲ್ಟರ್' ಹೋಗಿ 'ಬಿಫೋರ್_ಆಕ್ಷನ್' ಮಾತ್ರ ಉಳೀತು. ಎಷ್ಟೋ ಪ್ಲಗಿನ್‌ಗಳು ಈ ಎರಡು ಪದಕ್ಕೇ ಮಲಗಿದವು. 2022ರ 5.0ರಲ್ಲಿ ಫೈಲಿನ ಹೆಸರೂ ಕ್ಲಾಸಿನ ಹೆಸರೂ ಸರಿಯಾಗಿ ಹೊಂದಬೇಕು ಅನ್ನೋ ಹೊಸ ಲೋಡರ್ ಬಂತು, ಇನ್ನಷ್ಟು ಮಲಗಿದವು. ಬರೆದವರು ಇನ್ನೂ ಆಸಕ್ತಿ ಉಳಿಸಿಕೊಂಡಿದ್ರೆ ಒಂದು ಸಂಜೆಯಲ್ಲಿ ಸರಿಹೋಗೋ ಕೆಲಸ. ಇಲ್ಲದಿದ್ದರೆ?

ಬ್ಯಾಕ್‌ಲಾಗ್ಸ್ ಅನ್ನೋ ಪ್ಲಗಿನ್ನಿನ ಕಥೆ ಇದಕ್ಕೆ ಉತ್ತರ. ರೆಡ್‌ಮೈನ್‌ಗೆ ಸ್ಕ್ರಮ್ ತಂದುಕೊಟ್ಟದ್ದು ಅದು: ಸ್ಪ್ರಿಂಟ್, ಸ್ಟೋರಿ, ಟಾಸ್ಕ್ ಬೋರ್ಡ್, ಬರ್ನ್‌ಡೌನ್ ಚಾರ್ಟ್ ಎಲ್ಲಾ. ತುಂಬಾ ತಂಡಗಳು ಅದನ್ನು ನೆಚ್ಚಿಕೊಂಡವು. ಅಷ್ಟೆಲ್ಲ ಮಾಡಬೇಕಾದ್ರೆ ಮಾತೃ ಕೋಡಿನೊಳಗೆ ಆಳವಾಗಿ ಕೈ ಹಾಕಲೇಬೇಕಿತ್ತು. ರೆಡ್‌ಮೈನ್ 3ಕ್ಕೆ ಹೋದಾಗ ಮೂಲ ಪ್ಲಗಿನ್ ಹಿಂದೆ ಬಿತ್ತು. ಬೇರೆಯವರು ಪ್ರತಿ ತೆಗೆದು ಮುಂದುವರಿಸೋಕೆ ನೋಡಿದ್ರು. ಆದರೆ ತಮ್ಮ ಸ್ಪ್ರಿಂಟುಗಳೆಲ್ಲ ಅದರ ಟೇಬಲ್‌ಗಳಲ್ಲೇ ಇದ್ದ ತಂಡಗಳಿಗೆ ಪೇಚು: ಪ್ಲಗಿನ್ ಬಿಟ್ಟರೆ ಕೆಲಸದ ಚರಿತ್ರೆ ಹೋಗುತ್ತೆ, ಇಟ್ಟುಕೊಂಡರೆ ಹಳೇ ರೆಡ್‌ಮೈನ್‌ನಲ್ಲೇ ಇರಬೇಕು.

ಇದೇ ವಂಶದಲ್ಲಿ ಇನ್ನೊಂದು ದಾರಿಯೂ ಇದೆ. 2011ರಲ್ಲಿ ರೆಡ್‌ಮೈನ್‌ನಿಂದ ಚಿಲಿಪ್ರಾಜೆಕ್ಟ್ ಕವಲೊಡೆಯಿತು. ಅದರಿಂದ ಓಪನ್‌ಪ್ರಾಜೆಕ್ಟ್ ಹುಟ್ಟಿತು. ಚಿಲಿಪ್ರಾಜೆಕ್ಟ್ ಈಗಿಲ್ಲ, ಓಪನ್‌ಪ್ರಾಜೆಕ್ಟ್ ಇದೆ. ಅದರ ಕೋಡ್ ತೆರೆದು ನೋಡಿದ್ರೆ 'ಮಾಡ್ಯೂಲ್ಸ್' ಫೋಲ್ಡರಿನಲ್ಲಿ ಬ್ಯಾಕ್‌ಲಾಗ್ಸ್ ಅಂತಾನೇ ಒಂದು ಸಿಗುತ್ತೆ. ಹೊರಗಿನವರ ಪ್ಲಗಿನ್ ಆಗಿ ಉಳಿಯದೆ ಮನೆಯೊಳಗೇ ಬಂದು ಕೂತಿದೆ, ಮಾತೃ ಕೋಡ್ ಬದಲಾಯಿಸೋರೇ ಅದನ್ನೂ ಜೊತೆಗೇ ಬದಲಾಯಿಸ್ತಾರೆ. ತಂಡದ ಇಡೀ ಕೆಲಸ ಯಾವುದರ ಮೇಲೆ ನಿಂತಿದೆಯೋ ಅದು ಹೀಗೆ ಒಳಗಿರೋದೇ ಒಳ್ಳೇದು ಅನ್ನೋದು ನಮ್ಮ ಅಭಿಪ್ರಾಯ. ಅಂಚಿನ ಅನುಕೂಲಗಳಿಗೆ ಪ್ಲಗಿನ್ ಸಾಕು. ಎಲ್ಲರೂ ಒಪ್ಪಲ್ಲ, ಹಾಸ್ಟೆಲ್ ಮೆಸ್ಸಿನಲ್ಲಿ ಜಗಳ ಆಡೋಕೆ ತಯಾರಿದ್ದೀವಿ.

ಎರಡು ಮಾತು ಉಳಿದಿವೆ. ಫೋನಿನ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುತ್ತೆ. ರೆಡ್‌ಮೈನ್ ಪ್ಲಗಿನ್ ಏನೂ ಕೇಳಲ್ಲ. ಅದು ರೆಡ್‌ಮೈನ್ ಜೊತೆ ಅದೇ ಪ್ರಾಸೆಸ್‌ನಲ್ಲಿ, ಅದೇ ಅಧಿಕಾರದಲ್ಲಿ ಓಡುತ್ತೆ. ಡೇಟಾಬೇಸ್, ಅಪ್‌ಲೋಡ್ ಆದ ಫೈಲುಗಳು ಎಲ್ಲವೂ ಅದರ ಕೈಗೆ ಸಿಗುತ್ತೆ. ಹೊಸದನ್ನು ಹಾಕುವ ಮುಂಚೆ ಕೋಡ್ ಒಮ್ಮೆ ಕಣ್ಣಾಡಿಸಿ, ಕೊನೆಯ ಬದಲಾವಣೆ ಯಾವಾಗ ಆಗಿದೆ ನೋಡಿ.

ಇನ್ನೊಂದು ತೆಗೆಯೋ ವಿಷಯ. ನಮ್ಮ ಪದ ಎಣಿಸೋ ಪ್ಲಗಿನ್‌ಗೆ ಟೇಬಲ್ ಇಲ್ಲ, ಫೋಲ್ಡರ್ ಅಳಿಸಿ ರೀಸ್ಟಾರ್ಟ್ ಮಾಡಿದ್ರೆ ಆಯ್ತು. ತನ್ನದೇ ಟೇಬಲ್ ಮಾಡಿಕೊಳ್ಳೋ ಪ್ಲಗಿನ್ ಹಾಗಲ್ಲ. ಬರೀ ಫೋಲ್ಡರ್ ಅಳಿಸಿದ್ರೆ ಟೇಬಲ್‌ಗಳು ಅನಾಥವಾಗಿ ಡೇಟಾಬೇಸಿನಲ್ಲಿ ಉಳೀತವೆ. ಸರಿಯಾದ ಕ್ರಮ ಅಂದ್ರೆ 'ರೆಡ್‌ಮೈನ್:ಪ್ಲಗಿನ್ಸ್:ಮೈಗ್ರೇಟ್' ಕಮಾಂಡಿಗೆ ಪ್ಲಗಿನ್ನಿನ ಹೆಸರೂ 'ವರ್ಷನ್=0' ಅಂತಲೂ ಕೊಡೋದು, ಆಮೇಲೆ ಫೋಲ್ಡರ್ ಅಳಿಸೋದು. ಆದರೆ ಆ ಸೊನ್ನೆ ಟೇಬಲ್ ಜೊತೆ ಅದರೊಳಗಿನ ಮಾಹಿತಿಯನ್ನೂ ಒರೆಸಿ ಹಾಕುತ್ತೆ, 'ಖಂಡಿತಾನಾ?' ಅಂತ ಕೇಳಲ್ಲ. ಬ್ಯಾಕಪ್ ತಗೊಂಡು, ಅದನ್ನು ಬೇರೆ ಕಡೆ ರೀಸ್ಟೋರ್ ಮಾಡಿ ನೋಡಿ, ಆಮೇಲೆ ಎಂಟರ್ ಒತ್ತಿ. ಯಾವ ಪ್ಲಗಿನ್ ಯಾಕೆ ಹಾಕಿದ್ದು, ಅದರ ಟೇಬಲ್‌ಗಳು ಯಾವುವು ಅಂತ ರೆಡ್‌ಮೈನ್ ವಿಕಿಯಲ್ಲೇ ಒಂದು ಪುಟ ಮಾಡಿಡಿ. ಮುಂದಿನ ವರ್ಷ ಸರ್ವರ್ ಪಾಸ್‌ವರ್ಡ್ ಯಾವ ಜೂನಿಯರ್ ಕೈಗೆ ಹೋಗುತ್ತೋ ಅವರು ಮೊದಲು ಹುಡುಕೋದು ಆ ಪುಟವನ್ನೇ.